ಹೋಗುವ ಟಿಕೆಟ್ಟಿಗಿಂತ ಬರುವ ಟಿಕೆಟ್ಟು ಮುಖ್ಯ

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಯಜಮಾನರಿಗೆ ನಲವತ್ತೊಂದು ವರ್ಷ. ಐಟಿಐ ಫಿಟ್ಟರ್ ಓದಿ ಹದಿನೇಳು ವರ್ಷದಿಂದ ಸಕ್ಕರೆ ಕಾರ್ಖಾನೆಯ ಬಾಯ್ಲರ್ ವಿಭಾಗದಲ್ಲಿದ್ದಾರೆ. ಈಗ ಏಜೆಂಟರೊಬ್ಬರು ಇಥಿಯೋಪಿಯಾ ದೇಶದ ಪಶ್ಚಿಮ ಭಾಗದ ಸಕ್ಕರೆ ಕಾರ್ಖಾನೆಯಲ್ಲಿ ಎರಡು ವರ್ಷದ ಕೆಲಸ ಕೊಡಿಸುವುದಾಗಿ ಹೇಳಿ 1 ಲಕ್ಷ 80 ಸಾವಿರ ರೂಪಾಯಿ ಕೇಳುತ್ತಿದ್ದಾರೆ. ನನ್ನ ಒಡವೆ ಅಡವಿಟ್ಟು ಕೊಡುವ ಯೋಚನೆಯಿದೆ. ಆ ಕಡೆ ಗಲಭೆ, ಅಪಹರಣ ಎಂದು ಮೊಬೈಲಿನಲ್ಲಿ ನೋಡಿದ ಮೇಲೆ ನನಗೆ ನಿದ್ದೆ ಬರುತ್ತಿಲ್ಲ. ಬೇಡವೆಂದರೆ ಅವರು ಕೇಳುವುದಿಲ್ಲ. ಹೋಗುವುದೇ ಆದರೆ ಏನೇನು ಎಚ್ಚರಿಕೆ ವಹಿಸಬೇಕು?
— ಹೆಸರು ಬೇಡ, ಮಂಡ್ಯ ಜಿಲ್ಲೆ

ಉತ್ತರ: ತಾಯಿ, ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ಅಪಹರಣದ ಮಾತಲ್ಲ, ಒಡವೆಯ ಮಾತು. ಹದಿನಾಲ್ಕು ವರ್ಷ ದಕ್ಷಿಣ ಸುಡಾನ್, ಕಾಂಗೋ, ಇಥಿಯೋಪಿಯಾಗಳಲ್ಲಿ ಪರಿಹಾರ ಸಾಮಗ್ರಿಯ ಸಾಗಣೆ ನೋಡಿಕೊಂಡು, ಈಗ ಮೈಸೂರಿನ ಸರಸ್ವತಿಪುರಂನಲ್ಲಿ ಬೆಳಗಿನ ವಾಕಿಂಗ್ ಮಾಡಿಕೊಂಡಿರುವವನು ನಾನು. ಅಪಾಯದ ಊರುಗಳಲ್ಲಿ ಸಿಕ್ಕಿಬಿದ್ದವರನ್ನು ಹತ್ತಿರದಿಂದ ಕಂಡಿದ್ದೇನೆ. ಅವರಲ್ಲಿ ಧೈರ್ಯ ಕಡಿಮೆಯಿದ್ದವರು ಅಪರೂಪ, ಬುದ್ಧಿ ಕಡಿಮೆಯಿದ್ದವರೂ ಅಪರೂಪ. ಹೊರಡಬೇಕಾದ ದಿನ ಹೊರಡಲಾಗದಂತೆ ಅವರ ಕಾಲಿಗೆ ಏನೋ ಒಂದು ಕಟ್ಟಿಕೊಂಡಿತ್ತು. ಹೆಚ್ಚಿನ ಸಲ ಅದು ಸಾಲ.

ಲೆಕ್ಕ ಹಾಕಿ ನೋಡಿ. ಒಡವೆ ಅಡವಿಟ್ಟು ಹೋದವನಿಗೆ ಮೊದಲ ಏಳೆಂಟು ತಿಂಗಳ ದುಡಿಮೆ ಬಡ್ಡಿ, ಅಸಲಿಗೆ ಹೋಗುತ್ತದೆ. ನಾಲ್ಕನೆಯ ತಿಂಗಳಲ್ಲಿ ಊರ ಹೊರಗೆ ಗುಂಡಿನ ಸದ್ದು ಕೇಳಿತು ಎನ್ನಿ. ಬರಿಗೈಯಲ್ಲಿ ಹಿಂತಿರುಗಿದರೆ ಒಡವೆ ಹೋಯಿತು, ಮಾನವೂ ಹೋಯಿತು ಎಂದು ಅವನು ಇನ್ನೊಂದು ವಾರ ನೋಡುತ್ತಾನೆ. ರಸ್ತೆ ಮುಚ್ಚುವುದು ಆ ಒಂದು ವಾರದಲ್ಲಿಯೇ.

ನನಗೂ ಹೀಗೆಯೇ ಆಯಿತು, ಅದೂ ಸಾಲವಿಲ್ಲದೆ. 2016ರ ಜುಲೈಯಲ್ಲಿ ದಕ್ಷಿಣ ಸುಡಾನಿನ ರಾಜಧಾನಿ ಜುಬಾದಲ್ಲಿದ್ದೆ. ಪೇಟೆಯ ಅಂಗಡಿಗಳು ಮಧ್ಯಾಹ್ನವೇ ಬಾಗಿಲು ಹಾಕಿಕೊಂಡ ದಿನ ಊರು ಬಿಡಬೇಕೆಂದು ನನಗೆ ನಾನೇ ಹೇಳಿಕೊಂಡಿದ್ದೆ. ಆ ದಿನ ಬಂತು. ಎರಡು ಲಾರಿ ಸರಕಿನ ಲೆಕ್ಕ ಬಾಕಿಯಿದೆ, ನಾಳೆ ನೋಡೋಣ ಎಂದೆ. ಜುಲೈ 8ರಿಂದ 11ರವರೆಗೆ ನಡೆದ ಕಾಳಗವನ್ನು ಸ್ನಾನದ ಮನೆಯ ನೆಲದ ಮೇಲೆ ಮಲಗಿಕೊಂಡು, ಒಂದು ಬಕೆಟ್ ನೀರು, ಒಂದು ಪೊಟ್ಟಣ ಬಿಸ್ಕತ್ತಿನಲ್ಲಿ ಕಳೆದೆ. ಆಮೇಲೆ ಭಾರತ ಸರ್ಕಾರ ‘ಸಂಕಟಮೋಚನ’ ಎಂಬ ಕಾರ್ಯಾಚರಣೆಯಲ್ಲಿ ವಾಯುಪಡೆಯ ಎರಡು ದೊಡ್ಡ ವಿಮಾನಗಳನ್ನು ಕಳುಹಿಸಿ ನೂರೈವತ್ತಕ್ಕೂ ಹೆಚ್ಚು ಜನರನ್ನು ಕರೆತಂದಿತು. ವಿಮಾನ ಬಂದು ನಿಂತಿದ್ದರೂ ವ್ಯಾಪಾರ ಬಿಟ್ಟು ಬರಲು ಮನಸ್ಸಾಗದೆ ಅಲ್ಲಿಯೇ ಉಳಿದ ಭಾರತೀಯರಿದ್ದರು. ಅವರನ್ನು ಮೂರ್ಖರೆನ್ನಲು ನನಗೆ ಬಾಯಿ ಬರುವುದಿಲ್ಲ. ಲಾರಿಯ ಲೆಕ್ಕಕ್ಕಾಗಿ ನಿಂತವನು ನಾನು.

ಆದ್ದರಿಂದ ಮೊದಲ ಮಾತು: ಒಡವೆ ಅಡವಿಡಬೇಡಿ. ಏಜೆಂಟರು ಕೇಳುತ್ತಿರುವ ಹಣವೇ ಕಾನೂನಿಗೆ ವಿರುದ್ಧ. 1983ರ ವಲಸೆ ಕಾಯ್ದೆಯಡಿ ಸರ್ಕಾರದಲ್ಲಿ ನೋಂದಾಯಿಸಿಕೊಂಡ ಏಜೆಂಟರು ವಿದೇಶದ ಕೆಲಸಕ್ಕೆ ಸೇವಾಶುಲ್ಕವೆಂದು ಪಡೆಯಬಹುದಾದ ಗರಿಷ್ಠ ಮೊತ್ತ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ, ರಸೀದಿ ಕೊಡಲೇಬೇಕು. ಇವರು ಅದರ ಆರು ಪಟ್ಟು ಕೇಳಿದ್ದಾರೆ. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿಯಿದೆ. ಇವರ ಹೆಸರು, ಪರವಾನಗಿ ಸಂಖ್ಯೆ ಅಲ್ಲಿ ಇಲ್ಲದಿದ್ದರೆ ಮಾತುಕತೆ ಅಲ್ಲಿಗೇ ನಿಲ್ಲಲಿ. ಇನ್ನೊಂದು ಸೂಕ್ಷ್ಮವಿದೆ. ಇರಾಕ್, ಲಿಬಿಯಾ, ಯೆಮೆನ್, ಸುಡಾನ್ ಮುಂತಾದ ದೇಶಗಳಿಗೆ ಕೆಲಸಕ್ಕೆ ಹೋಗುವವರ ಪಾಸ್‌ಪೋರ್ಟಿನಲ್ಲಿ ವಲಸೆ ತಪಾಸಣೆಯ ಮುದ್ರೆಯಿದ್ದರೆ ಸರ್ಕಾರವೇ ಒಪ್ಪಂದ ನೋಡಿ ಅನುಮತಿ ಕೊಡುತ್ತದೆ. ಇಥಿಯೋಪಿಯಾ ಆ ಪಟ್ಟಿಯಲ್ಲಿಲ್ಲ. ನಿಮ್ಮ ಯಜಮಾನರು ಎಸ್ಸೆಸ್ಸೆಲ್ಸಿ ದಾಟಿದವರಾದ್ದರಿಂದ ಅವರ ಪಾಸ್‌ಪೋರ್ಟಿನಲ್ಲಿ ಆ ಮುದ್ರೆಯೂ ಇರಲಾರದು. ಅಂದರೆ ಈ ಕರಾರನ್ನು ಕೂಲಂಕಷವಾಗಿ ನೋಡುವ ಸರ್ಕಾರಿ ಕಣ್ಣು ಇಲ್ಲ. ನೀವಿಬ್ಬರೇ ನೋಡಬೇಕು.

ಕರಾರಿನಲ್ಲಿ ಸಂಬಳದ ಅಂಕಿಗಿಂತ ಮೊದಲು ಹುಡುಕಬೇಕಾದದ್ದು ಹಿಂತಿರುಗುವ ದಾರಿ. ಭದ್ರತೆ ಕೆಟ್ಟರೆ ಕಂಪನಿ ತನ್ನ ಖರ್ಚಿನಲ್ಲಿ ರಾಜಧಾನಿಗೆ, ಅಲ್ಲಿಂದ ಬೆಂಗಳೂರಿಗೆ ಕಳುಹಿಸುತ್ತದೆಯೇ? ಆ ತೀರ್ಮಾನ ಯಾರದು, ಮ್ಯಾನೇಜರದೋ ಕೆಲಸಗಾರನದೋ? ನಡುವೆ ಬಿಟ್ಟು ಬಂದರೆ ದಂಡವಿದೆಯೇ? ಸಂಬಳ ಬಿರ್ ಎಂಬ ಅಲ್ಲಿಯ ಹಣದಲ್ಲೋ, ಡಾಲರ್ ಲೆಕ್ಕದಲ್ಲೋ? 2024ರ ಜುಲೈಯಲ್ಲಿ ಆ ದೇಶ ಬಿರ್ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟಿತು. ಕೆಲವೇ ತಿಂಗಳಲ್ಲಿ ಡಾಲರಿನ ಎದುರು ಅದು ಅರ್ಧಕ್ಕಿಂತ ಕೆಳಗಿಳಿಯಿತು. ಬಿರ್ ಲೆಕ್ಕದಲ್ಲಿ ಸಹಿ ಹಾಕಿದವನ ಸಂಬಳವೂ ಅಷ್ಟೇ ಇಳಿಯಿತು. ಸಂಬಳದ ಮುಕ್ಕಾಲು ಪಾಲು ನೇರ ನಿಮ್ಮ ಇಲ್ಲಿಯ ಬ್ಯಾಂಕ್ ಖಾತೆಗೆ ಬೀಳುವಂತೆ ಬರೆಸಿಕೊಳ್ಳಿ. ಪಾಸ್‌ಪೋರ್ಟ್ ನಿಮ್ಮ ಯಜಮಾನರ ಕೈಯಲ್ಲೇ ಇರಬೇಕು. ಕಂಪನಿಯ ಕಪಾಟಿನಲ್ಲಿರುವ ಪಾಸ್‌ಪೋರ್ಟು ಕಪಾಟಿನ ಬೀಗದಷ್ಟೇ ಉಪಯೋಗಕ್ಕೆ ಬರುತ್ತದೆ. ಪ್ರವಾಸಿ ವೀಸಾದಲ್ಲಿ ಹೋಗಿ ಆಮೇಲೆ ಬದಲಾಯಿಸಿಕೊಳ್ಳೋಣ ಎಂದು ಏಜೆಂಟರು ಹೇಳಿದರೆ ಕಾಫಿ ಕುಡಿಸಿ ಕಳುಹಿಸಿಬಿಡಿ.

ಇನ್ನು ದೇಶದ ವಿಚಾರ. ‘ಇಥಿಯೋಪಿಯಾ ಅಪಾಯವೇ’ ಎಂದು ಕೇಳಿದರೆ ಉತ್ತರವಿಲ್ಲ. ರಾಜಧಾನಿ ಅಡಿಸ್ ಅಬಾಬಾದಲ್ಲಿ ನಾನು ಎಷ್ಟೋ ಸಂಜೆ ನಿರಾತಂಕವಾಗಿ ಕಾಫಿ ಕುಡಿದಿದ್ದೇನೆ. ಉತ್ತರದ ಟಿಗ್ರಾಯ್‌ನಲ್ಲಿ 2020ರ ನವೆಂಬರಿನಲ್ಲಿ ಹೊತ್ತಿದ ಯುದ್ಧ 2022ರ ನವೆಂಬರಿನ ಒಪ್ಪಂದದಿಂದ ನಿಂತಿತು. 2023ರಲ್ಲಿ ಪಕ್ಕದ ಅಮ್ಹಾರಾದಲ್ಲಿ ಬೇರೊಂದು ಬಂಡಾಯ ಎದ್ದಿತು. ನಿಮ್ಮವರು ಹೋಗುವ ಪಶ್ಚಿಮ ಭಾಗ ಒರೊಮಿಯಾಕ್ಕೆ ಸೇರಿದ ವೊಲ್ಲೆಗಾ ಸೀಮೆಯಾಗಿದ್ದರೆ, ಅಲ್ಲಿ ಒರೊಮೊ ವಿಮೋಚನಾ ಸೇನೆ ಎಂಬ ಬಂಡುಕೋರರಿಗೂ ಸರ್ಕಾರಿ ಪಡೆಗಳಿಗೂ ವರ್ಷಗಳಿಂದ ಹೊಡೆದಾಟ ನಡೆದಿದೆ. 2022ರ ಜೂನಿನಲ್ಲಿ ಗಿಂಬಿ ಬಳಿಯ ಹಳ್ಳಿಗಳಲ್ಲಿ ನೂರಾರು ಜನರ ಕೊಲೆಯಾಯಿತು. ಅದೇ ಒರೊಮಿಯಾದ ಪೂರ್ವಕ್ಕಿರುವ ವೊಂಜಿಯಲ್ಲೂ ಹಳೆಯ ಸಕ್ಕರೆ ಕಾರ್ಖಾನೆಯಿದೆ, ರಾಜಧಾನಿಯಿಂದ ಕೆಲವೇ ಗಂಟೆಗಳ ದಾರಿ; ಅಲ್ಲಿಯ ಬದುಕು ಬೇರೆಯೇ. ಆದ್ದರಿಂದ ಏಜೆಂಟರಿಂದ ದೇಶದ ಹೆಸರು ಸಾಲದು, ಊರಿನ ಹೆಸರು ಪಡೆಯಿರಿ. ಬ್ರಿಟನ್ ಮತ್ತು ಆಸ್ಟ್ರೇಲಿಯಾ ಸರ್ಕಾರಗಳು ತಮ್ಮ ಪ್ರಜೆಗಳಿಗಾಗಿ ದೇಶದೊಳಗಿನ ಯಾವ ಭಾಗಕ್ಕೆ ಹೋಗಬಾರದೆಂಬುದನ್ನು ನಕ್ಷೆಯೊಂದಿಗೆ ಪ್ರಕಟಿಸುತ್ತವೆ. ಅದು ಉಚಿತ, ಯಾರೂ ಓದಬಹುದು. ಕಾರ್ಖಾನೆಯ ಊರು ಆ ನಕ್ಷೆಯ ಕೆಂಪು ಭಾಗದಲ್ಲಿದ್ದರೆ ನಾನು ಬೇಡ ಎನ್ನುತ್ತೇನೆ. ಬೇರೆ ಕಾರ್ಖಾನೆ ಕೇಳಲಿ. ಬಾಯ್ಲರ್ ಬಲ್ಲ ಮಂಡ್ಯದ ಕೈಗೆ ಕೆಲಸ ಕಡಿಮೆಯಿಲ್ಲ.

ಅಪಾಯ ಊರಿಗಿಂತ ಹೆಚ್ಚಾಗಿ ದಾರಿಯಲ್ಲಿರುತ್ತದೆ, ದಾರಿಗಿಂತ ಹೆಚ್ಚಾಗಿ ಹೊತ್ತಿನಲ್ಲಿರುತ್ತದೆ. ಇದನ್ನು ನಾನು ವಿವರಿಸಬೇಕಾಗಿಲ್ಲ. 2022ರ ಕೊನೆಯಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ಮೇಲಿಂದ ಮೇಲೆ ಜನರನ್ನು ಕೊಂದಾಗ ನಮ್ಮವರು ಏನು ಮಾಡಿದರು? ಹೊತ್ತು ಮುಳುಗುವ ಮೊದಲೇ ಮನೆ ಸೇರಿದರು, ಒಬ್ಬರೇ ಹೊಲಕ್ಕೆ ಹೋಗಲಿಲ್ಲ, ಆಳೆತ್ತರ ಮೀರಿದ ಕಬ್ಬಿನ ನಡುವಿನ ಗಾಡಿದಾರಿ ಬಿಟ್ಟು ಸುತ್ತಿ ಬಂದರು. ಅಲ್ಲಿಯ ನಿಯಮವೂ ಇಷ್ಟೇ. ಅಲ್ಲಿಯೂ ಕಬ್ಬು ರಸ್ತೆಯ ಎರಡು ಬದಿಗೂ ಗೋಡೆಯಂತೆ ನಿಲ್ಲುತ್ತದೆ; ಹತ್ತು ತಿಂಗಳ ಕಬ್ಬಿನೊಳಗೆ ಯಾರಿದ್ದಾರೆಂದು ದೇವರಿಗೂ ಕಾಣುವುದಿಲ್ಲ. ಕತ್ತಲಲ್ಲಿ ಪ್ರಯಾಣವಿಲ್ಲ. ಪ್ರತಿ ಶುಕ್ರವಾರ ಅದೇ ಗಂಟೆಗೆ, ಅದೇ ಜೀಪಿನಲ್ಲಿ ಪೇಟೆಗೆ ಹೋಗುವ ಪದ್ಧತಿಯಿಲ್ಲ. ಕಾರ್ಮಿಕರ ಸಂಬಳದ ಹಣ ಒಯ್ಯುವ ವಾಹನದಲ್ಲಿ ‘ಹೇಗೂ ಹೋಗುತ್ತಿದೆಯಲ್ಲ’ ಎಂದು ಹತ್ತಿಕೊಳ್ಳುವುದಂತೂ ಎಂದೂ ಬೇಡ. ದೂರದ ಬಸ್ಸುಗಳ ಬಗ್ಗೆಯೂ ಜಾಗ್ರತೆ: 2024ರ ಜುಲೈಯಲ್ಲಿ ಅಡಿಸ್ ಅಬಾಬಾ ಕಡೆಗೆ ಬರುತ್ತಿದ್ದ ಬಸ್ಸುಗಳನ್ನು ತಡೆದು ನೂರಕ್ಕೂ ಹೆಚ್ಚು ಪ್ರಯಾಣಿಕರನ್ನು ಹಣಕ್ಕಾಗಿ ಎತ್ತಿಕೊಂಡು ಹೋದರು, ಹೆಚ್ಚಿನವರು ರಜೆಗೆ ಮನೆಗೆ ಹೊರಟ ವಿದ್ಯಾರ್ಥಿಗಳು.

ಗುಂಡಿಗಿಂತ ಚಕ್ರ ಹೆಚ್ಚು ಜನರನ್ನು ಕೊಲ್ಲುತ್ತದೆ ಎಂಬುದನ್ನು ಮಂಡ್ಯದವರಿಗೆ ಹೇಳಬೇಕೆ? ಬೆಂಗಳೂರು–ಮೈಸೂರು ಹೆದ್ದಾರಿ ತೆರೆದ ವರ್ಷವೇ, 2023ರ ಆಗಸ್ಟಿನಿಂದ, ಬೈಕು, ಆಟೊಗಳನ್ನು ಅದರ ಮುಖ್ಯ ಪಥದಿಂದ ಹೊರಗಿಡಬೇಕಾಯಿತು. ಆಫ್ರಿಕಾದಲ್ಲಿ ನನ್ನ ಜೊತೆಗಿದ್ದವರಲ್ಲಿ ನಾವು ಕಳೆದುಕೊಂಡ ಮೂವರೂ ವಾಹನ ಮಗುಚಿ ಹೋದವರು. ಸೀಟ್ ಬೆಲ್ಟ್ ಇಲ್ಲದ ಗಾಡಿ ಹತ್ತಬಾರದು, ಕುಡಿದ ಚಾಲಕನ ಗಾಡಿಯಿಂದ ಇಳಿದುಬಿಡಬೇಕು. ಸಂಕೋಚ ಬೇಡ.

ಚೆಕ್‌ಪೋಸ್ಟ್ ದಾಟುವುದು ಒಂದು ವಿದ್ಯೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಗ್ಗ ಕಟ್ಟಿ ನಿಂತವರು ಸೈನಿಕರೋ, ಸ್ಥಳೀಯ ಕಾವಲುಪಡೆಯೋ, ಬಂಡುಕೋರರೋ ದೂರದಿಂದ ತಿಳಿಯದು. ಬಟ್ಟೆ ಎಲ್ಲರದೂ ಒಂದೇ. ದೂರದಿಂದಲೇ ವೇಗ ಇಳಿಸಬೇಕು. ಮಬ್ಬು ಕವಿದಿದ್ದರೆ ಮುಂದಿನ ದೀಪ ತಗ್ಗಿಸಿ ಒಳಗಿನ ದೀಪ ಹಾಕಬೇಕು. ಕಿಟಕಿ ಇಳಿಸಿ, ಕಪ್ಪು ಕನ್ನಡಕ ತೆಗೆದು, ಎರಡೂ ಕೈ ಕಾಣುವಂತೆ ಇಡಬೇಕು. ಮೊಬೈಲ್ ಹೊರಗೆ ಬರಬಾರದು, ಫೋಟೊ ಅಂತೂ ಬೇಡವೇ ಬೇಡ. ಮಾತು ಚಾಲಕನದು, ಪಕ್ಕದವರು ನಕ್ಕು ನಮಸ್ಕರಿಸಿದರೆ ಸಾಕು. ಜೇಬಿಗೆ ಕೈ ಹಾಕುವ ಮೊದಲು ‘ಕಾಗದ ತೆಗೆಯುತ್ತೇನೆ’ ಎಂದು ಹೇಳಿ ನಿಧಾನವಾಗಿ ತೆಗೆಯಬೇಕು. ನನ್ನ ಚಾಲಕನೊಬ್ಬ ಇಂಥ ಕಡೆ ಮೊದಲು ಎದುರಿನವನ ತಾಯಿಯ ಆರೋಗ್ಯ ವಿಚಾರಿಸುತ್ತಿದ್ದ, ಆಮೇಲೆ ಮಳೆಯ ವಿಚಾರ, ಕಾಗದಪತ್ರ ಕೊನೆಗೆ. ಅವನ ಜೊತೆಗಿದ್ದಾಗ ಒಮ್ಮೆಯೂ ಬಂದೂಕು ನನ್ನ ಕಡೆ ತಿರುಗಲಿಲ್ಲ. ದರೋಡೆಯೇ ಆದರೆ ಕೇಳಿದ್ದನ್ನು ಕೊಟ್ಟುಬಿಡುವುದು. ಕಳ್ಳನಿಗೆಂದೇ ಒಂದು ಹಳೆಯ ಪರ್ಸಿನಲ್ಲಿ ಸ್ವಲ್ಪ ಹಣ, ಅವಧಿ ಮುಗಿದ ಒಂದು ಕಾರ್ಡ್ ಇಟ್ಟುಕೊಳ್ಳುವುದು ಹಳೆಯ ಉಪಾಯ, ಇಂದಿಗೂ ನಡೆಯುತ್ತದೆ. ಡ್ರೋನ್, ಉಪಗ್ರಹ ಫೋನ್‌ಗಳನ್ನು ಇಲ್ಲಿಂದ ಒಯ್ಯಬಾರದು; ಸೈನಿಕರ ಬಣ್ಣದ ಚೀಲ, ಪ್ಯಾಂಟು ಮನೆಯಲ್ಲೇ ಇರಲಿ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಹೊರಡುವ ಗೆರೆಯನ್ನು ಪಾಂಡವಪುರದಲ್ಲಿಯೇ ಎಳೆಯಬೇಕು. ಅಲ್ಲಿ ಕುಳಿತು ಎಳೆಯಲು ಆಗುವುದಿಲ್ಲ. ಗಾಣದ ಸದ್ದಿಗೆ ಗಾಣದವನ ಕಿವಿ ಒಗ್ಗುವಂತೆ ಗುಂಡಿನ ಸದ್ದಿಗೂ ಒಗ್ಗುತ್ತದೆ. ಇಬ್ಬರೂ ಕುಳಿತು ನಾಲ್ಕೈದು ಗುರುತುಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಲಾರಿ ಚಾಲಕರು ಒಂದು ರಸ್ತೆಗೆ ಬರುವುದಿಲ್ಲ ಎನ್ನತೊಡಗಿದರೆ, ಕ್ಯಾಂಟೀನಿನ ಹೆಂಗಸರು ಮಕ್ಕಳನ್ನು ನೆಂಟರ ಊರಿಗೆ ಕಳುಹಿಸಿದರೆ, ಸಂತೆಯ ದಿನ ಸಂತೆ ನೆರೆಯದಿದ್ದರೆ, ದೊಡ್ಡ ಮ್ಯಾನೇಜರರ ಸಂಸಾರ ‘ರಜೆ’ಗೆ ಹೋದರೆ. ಇವುಗಳಲ್ಲಿ ಎರಡು ಒಂದೇ ವಾರದಲ್ಲಿ ಕಂಡರೆ ಅವರು ರಾಜಧಾನಿಗೆ ಹೊರಡುತ್ತಾರೆ, ವಾದವಿಲ್ಲ. ಹಾಳೆಯ ಒಂದು ಪ್ರತಿ ನಿಮ್ಮ ಬೀರುವಿನ ಬಾಗಿಲಿಗೆ ಅಂಟಿರಲಿ. ಅವರು ‘ಇನ್ನೊಂದು ವಾರ’ ಎಂದಾಗ ಓದಿ ಹೇಳುವವರು ನೀವು.

ಹೊರಡಲು ಬೇಕಾದ ಹಣ ಅವರ ಹತ್ತಿರ ಯಾವಾಗಲೂ ಇರಬೇಕು: ರಾಜಧಾನಿಯವರೆಗಿನ ಬಾಡಿಗೆ, ಬೆಂಗಳೂರಿನ ಟಿಕೆಟ್ಟು, ಹತ್ತು ದಿನದ ಊಟ. ಡಾಲರ್ ನೋಟುಗಳು ಹೊಸವಾಗಿರಲಿ. ಮಡಿಕೆಯಲ್ಲಿ ಹರಿದದ್ದು, 2009ಕ್ಕಿಂತ ಹಳೆಯದು ಆಫ್ರಿಕಾದ ಬಹಳ ಕಡೆ ಚಲಾವಣೆಯಾಗುವುದಿಲ್ಲ. ವಿಮಾನ ನಿಲ್ದಾಣದಲ್ಲಿ ಆ ಹಣವನ್ನು ಘೋಷಿಸಿ ಚೀಟಿ ಇಟ್ಟುಕೊಳ್ಳಲಿ. ಈ ಹಣ ಕೂಡಿಸಲು ಮೂರು ತಿಂಗಳು ತಡವಾಗಿ ಹೋಗಬೇಕಾದರೆ ತಡವಾಗಿಯೇ ಹೋಗಲಿ.

ಗೆರೆ ದಾಟಿಹೋಗಿ, ಹೊರಡಲಾಗದೆ ಉಳಿದರೆ? 2023ರ ಏಪ್ರಿಲ್ 15ರಂದು ಸುಡಾನಿನ ರಾಜಧಾನಿ ಖಾರ್ಟೂಮಿನಲ್ಲಿ ಯುದ್ಧ ಶುರುವಾದಾಗ, ಅಲ್ಲಿದ್ದ ಕೇರಳದವರೊಬ್ಬರು ಕಿಟಕಿಯ ಪಕ್ಕ ಕುಳಿತು ಮನೆಯವರೊಂದಿಗೆ ಫೋನಿನಲ್ಲಿ ಮಾತಾಡುತ್ತಿದ್ದಾಗ ಗುಂಡು ತಗುಲಿ ತೀರಿಕೊಂಡರು. 2022ರ ಮಾರ್ಚ್ 1ರಂದು ಉಕ್ರೇನಿನ ಹಾರ್ಕಿವ್‌ನಲ್ಲಿ ನಮ್ಮ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಸತ್ತದ್ದು ದಿನಸಿ ತರಲು ಹೊರಗೆ ಹೋಗಿದ್ದಾಗ. ಈ ಎರಡು ಸಾವುಗಳಲ್ಲಿ ಮುಕ್ಕಾಲು ಪಾಠವಿದೆ. ಸಿಗ್ನಲ್ ಸಿಗುವುದು ಕಿಟಕಿಯ ಬಳಿ, ಗುಂಡು ಬರುವುದೂ ಅಲ್ಲಿಂದಲೇ. ಮಂಚ ಕಿಟಕಿಯಿಂದ ದೂರವಿರಲಿ. ಹೊರಗೂ ನಿಮಗೂ ನಡುವೆ ಎರಡು ಗೋಡೆ ಬರುವ ಜಾಗವನ್ನು ಮೊದಲ ದಿನವೇ ಗುರುತಿಸಿಕೊಳ್ಳಲಿ. ಒಂದು ವಾರಕ್ಕೆ ಸಾಲುವ ನೀರು, ಅವಲಕ್ಕಿ, ಹುರಿಹಿಟ್ಟು ಕೋಣೆಯಲ್ಲಿದ್ದರೆ ಅಂಗಡಿಯ ಸಾಲಿನಲ್ಲಿ ನಿಲ್ಲಬೇಕಾಗುವುದಿಲ್ಲ.

ಅದೇ ಸುಡಾನ್ ಯುದ್ಧದಲ್ಲಿ ಗಿಡಮೂಲಿಕೆ ಎಣ್ಣೆ ಮಾರಲು ಹೋಗಿದ್ದ, ನಮ್ಮ ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಕಡೆಯವರೂ ಸೇರಿದಂತೆ ಹಲವು ಹಕ್ಕಿಪಿಕ್ಕಿ ಕುಟುಂಬಗಳು ಸಿಕ್ಕಿಕೊಂಡಿದ್ದವು. ಅವರನ್ನು ಕರೆತಂದ ಕಾರ್ಯಾಚರಣೆಗೆ ಸರ್ಕಾರ ಇಟ್ಟ ಹೆಸರು ‘ಕಾವೇರಿ’. ಹಡಗು, ವಿಮಾನಗಳಲ್ಲಿ ಮೂರು ಸಾವಿರದ ಎಂಟುನೂರಕ್ಕೂ ಹೆಚ್ಚು ಭಾರತೀಯರು ಬಂದರು. ಆದರೆ ಹಡಗು ನಿಂತಿದ್ದದ್ದು ಪೋರ್ಟ್ ಸುಡಾನಿನಲ್ಲಿ. ಖಾರ್ಟೂಮಿನಿಂದ ಎಂಟುನೂರು ಕಿಲೋಮೀಟರಿಗೂ ದೂರ. ಸರ್ಕಾರ ಬಾಗಿಲವರೆಗೆ ಬರುವುದಿಲ್ಲ ತಾಯಿ, ಬಂದರಿನವರೆಗೆ ಬರುತ್ತದೆ. ಅಲ್ಲಿಯವರೆಗಿನ ದಾರಿ ನಮ್ಮದು. ಅದಕ್ಕೇ ತಲುಪಿದ ವಾರದಲ್ಲೇ ಅಡಿಸ್ ಅಬಾಬಾದ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು, ಊರು, ಫೋನ್ ನೋಂದಾಯಿಸಲಿ. ಪಟ್ಟಿಯಲ್ಲಿಲ್ಲದವರನ್ನು ಹುಡುಕುವುದು ಯಾರಿಗೂ ಕಷ್ಟ.

ಕಾರ್ಖಾನೆಯ ಸ್ಥಳೀಯ ಕೆಲಸಗಾರರೇ ಅವರ ನಿಜವಾದ ಕಾವಲು. 2018ರ ನವೆಂಬರಿನಲ್ಲಿ ಇಥಿಯೋಪಿಯಾದಲ್ಲಿ ಭಾರತದ ಕಂಪನಿಯೊಂದರ ಏಳು ಉದ್ಯೋಗಿಗಳನ್ನು ಅಲ್ಲಿಯ ನೌಕರರೇ ಹಿಡಿದಿಟ್ಟುಕೊಂಡರು. ಕಾರಣ ಬಂಡಾಯವಲ್ಲ, ತಿಂಗಳುಗಟ್ಟಲೆ ಬಾಕಿಯಿದ್ದ ಸಂಬಳ. ತಪ್ಪು ಮಾಡಿದ್ದು ಕಂಪನಿ, ಸಿಕ್ಕಿಬಿದ್ದವರು ನಿಮ್ಮ ಯಜಮಾನರಂಥವರು. ಸ್ಥಳೀಯರ ಸಂಬಳ ಎರಡು ತಿಂಗಳು ನಿಂತರೆ ಅದೂ ಬೀರುವಿನ ಹಾಳೆಯ ಒಂದು ಗುರುತು.

ಇನ್ನು ನಿಮ್ಮ ಪಾಲಿನ ಕೆಲಸ. ಪ್ರತಿದಿನ ಅಲ್ಲಿಯ ಸಂಜೆ ಏಳಕ್ಕೆ, ಅಂದರೆ ಇಲ್ಲಿಯ ರಾತ್ರಿ ಒಂಬತ್ತೂವರೆಗೆ, ಒಂದು ಸಂದೇಶ ಬರಬೇಕು. ಇಲ್ಲೊಂದು ತಮಾಷೆಯ ತೊಡಕಿದೆ. ನಮ್ಮ ಪಂಚಾಂಗದಂತೆ ಇಥಿಯೋಪಿಯಾದವರೂ ಹೊತ್ತನ್ನು ಬೆಳಗಿನಿಂದ ಎಣಿಸುತ್ತಾರೆ; ನಮ್ಮ ಬೆಳಗಿನ ಎಂಟು ಗಂಟೆ ಅವರಿಗೆ ಎರಡು ಗಂಟೆ. ‘ಎರಡು ಗಂಟೆಗೆ ಜೀಪು’ ಎಂದರೆ ಯಾರ ಗಡಿಯಾರ ಎಂದು ಕೇಳಬೇಕು. ನಾನು ಇದರಿಂದ ಒಮ್ಮೆ ಆರು ಗಂಟೆ ರಸ್ತೆ ಬದಿಯಲ್ಲಿ ಕುಳಿತಿದ್ದೆ. ಅಲ್ಲಿ ಇಂಟರ್‌ನೆಟ್ ಕಡಿತವೂ ಸಾಮಾನ್ಯ. 2020ರ ಆರಂಭದಲ್ಲಿ ವೊಲ್ಲೆಗಾದಲ್ಲಿ ಫೋನ್, ಇಂಟರ್‌ನೆಟ್ ಎರಡೂ ಸುಮಾರು ಮೂರು ತಿಂಗಳು ಇರಲಿಲ್ಲ. ಆದ್ದರಿಂದ ಒಂದು ದಿನ ಸುದ್ದಿ ಬರದಿದ್ದರೆ ಗಾಬರಿ ಬೇಡ. ಎರಡನೆಯ ದಿನ ಕಂಪನಿಯ ಇಲ್ಲಿಯ ಕಚೇರಿಗೆ ಫೋನ್ ಮಾಡಿ, ಮೂರನೆಯ ದಿನ ರಾಯಭಾರ ಕಚೇರಿಗೆ. ಜೊತೆಗೆ ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲಿ ದೂರು ದಾಖಲಿಸಿ. ಈ ನಂಬರುಗಳು ಕಾಗದದ ಮೇಲಿರಲಿ. ‘ನಿಮ್ಮವರು ನಮ್ಮ ವಶದಲ್ಲಿದ್ದಾರೆ, ಹಣ ಕಳುಹಿಸಿ’ ಎಂದು ಫೋನ್ ಬಂದರೆ, ಹೆಚ್ಚಿನವು ಮೋಸದ ಕರೆಗಳು. ಇಬ್ಬರಿಗೆ ಮಾತ್ರ ಗೊತ್ತಿರುವ ಒಂದು ಪ್ರಶ್ನೆ ಮೊದಲೇ ಗೊತ್ತುಮಾಡಿಕೊಳ್ಳಿ, ಮದುವೆಯ ಊಟದಲ್ಲಿ ಕಡಿಮೆ ಬಿದ್ದ ಸಿಹಿ ಯಾವುದು ಎಂಬಂಥದು. ಉತ್ತರ ಸರಿಯಾಗಿದ್ದರೆ ಕಂಪನಿಗೂ ರಾಯಭಾರ ಕಚೇರಿಗೂ ತಿಳಿಸಿ, ಟಿವಿಯವರಿಗಲ್ಲ.

ವಿಮೆಯ ಬಗ್ಗೆ ಒಂದೇ ಮಾತು: ಸಾಮಾನ್ಯ ಪ್ರವಾಸ ವಿಮೆ ಯುದ್ಧ, ಅಂತರ್ಯುದ್ಧದ ಗಾಯಕ್ಕೆ ಹಣ ಕೊಡುವುದಿಲ್ಲ. ಕಂಪನಿಯ ವಿಮೆಯಲ್ಲಿ ಆ ವಾಕ್ಯ ಹುಡುಕಿ ಓದಿ.

ಕಾಯಿಲೆಯ ವಿಚಾರ ಕೊನೆಗೆ ಬಂದರೂ ಚಿಕ್ಕದಲ್ಲ. ಅಡಿಸ್ ಅಬಾಬಾ ಚಾಮುಂಡಿ ಬೆಟ್ಟದ ತುದಿಗಿಂತ ಎರಡು ಪಟ್ಟು ಎತ್ತರದಲ್ಲಿದೆ, ಅಲ್ಲಿ ಮಲೇರಿಯಾ ಇಲ್ಲ. ಕಬ್ಬು ಬೆಳೆಯುವ ತಗ್ಗಿನ ಕಣಿವೆಗಳಲ್ಲಿ ಇದೆ. ಸೊಳ್ಳೆ ಪರದೆ ಇಲ್ಲಿಂದಲೇ ಒಯ್ಯಲಿ, ಜ್ವರ ಬಂದ ದಿನವೇ ರಕ್ತ ಪರೀಕ್ಷೆ ಆಗಲಿ. ಊರಿಗೆ ಬಂದ ಮೇಲೂ, ತಿಂಗಳುಗಳ ನಂತರ ಜ್ವರ ಬಂದರೂ, ‘ಆಫ್ರಿಕಾದಲ್ಲಿದ್ದೆ’ ಎಂದು ವೈದ್ಯರಿಗೆ ಮೊದಲು ಹೇಳಬೇಕು. ಹಳದಿ ಜ್ವರದ ಚುಚ್ಚುಮದ್ದಿನ ಪ್ರಮಾಣಪತ್ರವಿಲ್ಲದೆ ಆ ದೇಶದಿಂದ ಹಿಂತಿರುಗಿದರೆ ನಮ್ಮ ವಿಮಾನ ನಿಲ್ದಾಣದಲ್ಲಿಯೇ ತಡೆದು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸುತ್ತಾರೆ. ಚುಚ್ಚುಮದ್ದು ಹಾಕಿಸಿದ ಹತ್ತು ದಿನದ ನಂತರವೇ ಆ ಪತ್ರಕ್ಕೆ ಬೆಲೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಅದನ್ನು ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ ಮಾತ್ರ ಹಾಕುತ್ತಾರೆ, ಮೊದಲೇ ದಿನ ಗೊತ್ತುಮಾಡಿಕೊಳ್ಳಬೇಕು. ಕರಾರಿಗೆ ಸಹಿ ಬಿದ್ದ ವಾರವೇ ಬೆಂಗಳೂರಿಗೆ ಹೋಗಿ ಹಾಕಿಸಿಕೊಂಡು ಬರಲಿ, ಆ ಪ್ರಮಾಣಪತ್ರದ ಹಳದಿ ಪುಸ್ತಕವನ್ನು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಳ್ಳಲಿ.